ಅಟ್ಟದ ಕೊಬ್ಬರಿ, ಎಲಿಂಗ್ಟನ್ನನ ರೈಲು

ರೈಲು ಹೊರಟಿತು! ಮೊದಲು ಒಂದು ಭಾರದ ಉಸಿರು, ಆಮೇಲೆ ಇನ್ನೊಂದು, ಎರಡರ ನಡುವೆ ಬೇಕಾದಷ್ಟು ಬಿಡುವು. ಬಿಡುವು ಕಿರಿದಾಗುತ್ತ ಬಂತು. ಗಂಟೆ ಬಾರಿಸಿತು, ಸಿಳ್ಳೆ ಕೂಗಿತು, ಗಾಲಿಗಳು ಓಟಕ್ಕೆ ಬಿದ್ದವು. ತಿಪಟೂರಿನ ಮನೆಯೊಂದರ ಪಡಸಾಲೆಯಲ್ಲಿ ಕೂತಿದ್ದ ನನ್ನ ಅಕ್ಕನ ಮಕ್ಕಳೂ ಪಕ್ಕದ ಮನೆಯ ಹುಡುಗರೂ ಎದ್ದವರೇ ಒಬ್ಬರ ಅಂಗಿ ಇನ್ನೊಬ್ಬರು ಹಿಡಿದು ಕಂಬ ಸುತ್ತತೊಡಗಿದರು. ಎದ್ದೇಳಿ ಅಂತ ಯಾರೂ ಹೇಳಿರಲಿಲ್ಲ. ವೇಗ ಏರಿದಂತೆ ಇವರೂ ಓಡಿದರು, ಬ್ರೇಕು ಬಿದ್ದಂತೆ ಇವರೂ ಕಾಲು ಎಳೆದರು, ರೈಲು ನಿಂತಾಗ ಒಬ್ಬರ ಮೇಲೊಬ್ಬರು ಬಿದ್ದರು. ಎಲ್ಲರಿಗಿಂತ ಚಿಕ್ಕವಳು ಎದ್ದು ಹೋಗಿ ಸ್ಪೀಕರಿನ ಹಿಂದೆ ಇಣುಕಿ ನೋಡಿ ಕೇಳಿದಳು: "ಮಾಮ, ರೈಲು ಎಲ್ಲೈತೆ?"

ರೈಲು ಇರಲೇ ಇಲ್ಲ! ಅದು ಡ್ಯೂಕ್ ಎಲಿಂಗ್ಟನ್ನನ 'ಡೇಬ್ರೇಕ್ ಎಕ್ಸ್‌ಪ್ರೆಸ್', 1933ರದ್ದು. ಉಗಿಯೂ ಸಿಳ್ಳೆಯೂ ಹಳಿಯ ಸದ್ದೂ ಎಲ್ಲ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೋಫೋನ್, ಡ್ರಮ್ಮುಗಳಿಂದಲೇ. ಮನುಷ್ಯರು ಬಾಯಿಂದ ಊದಿ ಕೈಯಿಂದ ಬಡಿದು ಇಡೀ ಎಕ್ಸ್‌ಪ್ರೆಸ್ ರೈಲನ್ನು ಕಟ್ಟಿ ಓಡಿಸಿ ನಿಲ್ಲಿಸಿದ್ದಾರೆ, ಅದೂ ಮೂರೇ ನಿಮಿಷದಲ್ಲಿ! ಬೆಂಗಳೂರು–ಅರಸೀಕೆರೆ ಮಾರ್ಗ ಹಾದುಹೋಗುವ ಊರಿನ ಮಕ್ಕಳಿಗೆ ರೈಲಿನ ಸದ್ದನ್ನು ಯಾರೂ ವಿವರಿಸಬೇಕಿಲ್ಲ. ಅವರು ಹುಟ್ಟಿದಾಗಿನಿಂದ ಕೇಳಿದ ಸದ್ದನ್ನೇ ಎಲಿಂಗ್ಟನ್ ತಂದು ಮುಂದಿಟ್ಟಿದ್ದ.

ಆ ಮೂರು ನಿಮಿಷ ಅನ್ನುವುದರಲ್ಲೇ ನನಗೆ ಮೊದಲ ಬೆರಗು ಕಾದಿತ್ತು. ಹಳೆಯ 78 ಆರ್‌ಪಿಎಂ ತಟ್ಟೆ ಇತ್ತಲ್ಲ, ಹತ್ತಂಗುಲದ್ದು, ಅದರ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಸಂಗೀತ. ಇಪ್ಪತ್ತರ, ಮೂವತ್ತರ ದಶಕದ ಜಾಝ್ ದಿಗ್ಗಜರೆಲ್ಲ ಹೇಳಬೇಕಾದ್ದನ್ನು ಅಷ್ಟರೊಳಗೇ ಹೇಳಿ ಮುಗಿಸಬೇಕಿತ್ತು. ತಟ್ಟೆಯ ಅಳತೆಗಾಗಿ ಬಂದ ಆ ಕಟ್ಟು ನೂರು ವರ್ಷದ ಮೇಲೆ ಐದಾರು ವರ್ಷದ ಮಗುವಿನ ಗಮನದ ಅಳತೆಗೆ ಸರಿಯಾಗಿ ಕೂತಿದೆ! ಮಕ್ಕಳಿಗೆ ಜಾಝ್ ಕೇಳಿಸಬೇಕೆಂದರೆ ಅರ್ಧ ಗಂಟೆಯ ಕಛೇರಿಯಿಂದ ಶುರುಮಾಡಬಾರದು, ಈ ಮೂರು ನಿಮಿಷದ ತಟ್ಟೆಗಳಿಂದ ಶುರುಮಾಡಬೇಕು. ಅಮೆರಿಕದ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ 1955ರಷ್ಟು ಹಿಂದೆಯೇ ಮಕ್ಕಳಿಗಾಗಿ 'ದ ಫಸ್ಟ್ ಬುಕ್ ಆಫ್ ಜಾಝ್' ಎಂಬ ಪುಸ್ತಕ ಬರೆದಿದ್ದ. ಜಾಝ್ ದೊಡ್ಡವರ ರಾತ್ರಿ ಹೊತ್ತಿನ ಸಂಗೀತ ಎಂದು ನಾವು ಅಂದುಕೊಂಡಿರುವುದೇ ತಪ್ಪು.

ಈಗ ಅಟ್ಟ ಹತ್ತೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ಮನೆಗಳಲ್ಲಿ ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ, ಹೆಚ್ಚುಕಮ್ಮಿ ಒಂದು ವರ್ಷ, ಹಾಗೇ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಚಿಪ್ಪನ್ನು ಬಿಟ್ಟುಕೊಂಡು ಉಂಡೆಯಾಗುತ್ತದೆ. ಕೊಬ್ಬರಿ ಆಯಿತೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿದ್ದರೆ ಕುಲುಕುವ ಸದ್ದು, ಒಣಗಿ ಬಿಟ್ಟುಕೊಂಡಿದ್ದರೆ ಗೊಟಗೊಟ ಎಂಬ ಗಟ್ಟಿ ಸದ್ದು. ನಮ್ಮ ಅಕ್ಕನ ಮಗ ಅಟ್ಟದ ಮೇಲೆ ಕೂತು ಎರಡು ಕೈಯಲ್ಲಿ ಎರಡು ಕಾಯಿ ಅಲ್ಲಾಡಿಸಿ, ಎಡಗೈಯದ್ದನ್ನು ಪಕ್ಕಕ್ಕಿಟ್ಟು "ಇದಿನ್ನೂ ಆಗಿಲ್ಲ" ಅಂದ. ನನ್ನ ಕಿವಿಗೆ ಎರಡೂ ಒಂದೇ! ಕೇಳುವುದನ್ನೇ ಕಸುಬು ಮಾಡಿಕೊಂಡ ಸೀಮೆ ಇದು. ನಾಡಿನ ದೊಡ್ಡ ಕೊಬ್ಬರಿ ಮಾರುಕಟ್ಟೆ ಇರುವ ಈ ಊರಿನ ವ್ಯಾಪಾರವೆಲ್ಲ ಶುರುವಾಗುವುದು ಕಾಯನ್ನು ಕಿವಿಗೆ ಹಿಡಿಯುವ ಆ ಗಳಿಗೆಯಿಂದ.

ಅಂಥ ಕಿವಿಗೆ ಡಿಝ್ಝಿ ಗಿಲೆಸ್ಪಿಯ 'ಮಾಂಟೆಕಾ' ಹಾಕಿದೆ, 1947ರದ್ದು, ಕ್ಯೂಬಾದ ಚಾನೊ ಪೊಝೊ ಕಾಂಗಾ ಬಾರಿಸಿರುವುದು. ಮಕ್ಕಳು ಅಟ್ಟದ ಕಾಯಿಗಳನ್ನೇ ಅಲ್ಲಾಡಿಸಿ ಜೊತೆ ಕೊಟ್ಟರು. ಆಮೇಲೆ ಕರಟದ ಚಿಪ್ಪುಗಳು ಬಂದವು, ಎತ್ತಿನ ಕೊರಳ ಗಂಟೆ ಬಂತು, ಖಾಲಿ ಎಣ್ಣೆ ಡಬ್ಬ ಬಂತು. ನಾನು ದಂಗಾಗಿ ನೋಡುತ್ತಿದ್ದೆ. ನ್ಯೂ ಆರ್ಲಿಯನ್ಸಿನ ಮೊದಲ ತಲೆಮಾರಿನ ಡ್ರಮ್ಮರುಗಳು, ಬೇಬಿ ಡಾಡ್ಸ್‌ನಂಥವರು, ತಮ್ಮ ಡ್ರಮ್ಮುಗಳ ಜೊತೆ ಇಟ್ಟುಕೊಳ್ಳುತ್ತಿದ್ದದ್ದು ಇವನ್ನೇ: ಟೊಕಟೊಕ ಅನ್ನುವ ಮರದ ತುಂಡು, ದನದ ಗಂಟೆ, ಕೈಗೆ ಸಿಕ್ಕ ಇನ್ನಷ್ಟು ಸಾಮಾನು. ಹೇಳಿಕೊಡದೆಯೇ ಈ ಮಕ್ಕಳು ಅಲ್ಲಿಗೆ ತಲುಪಿದ್ದರು.

ಆದರೆ ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಪೀಪಿ.

ತೆಂಗಿನ ಗರಿಯ ಪೀಪಿ ಮಾಡದೆ ಈ ಸೀಮೆಯಲ್ಲಿ ಯಾರ ಬಾಲ್ಯವೂ ಕಳೆದಿಲ್ಲ. ಹಸಿ ಗರಿಯ ಕಡ್ಡಿ ಸೀಳಿ ತೆಗೆಯಬೇಕು. ಉಳಿದ ಎಲೆಯ ಪಟ್ಟಿಯನ್ನು ತುದಿಯಿಂದ ಓರೆಯಾಗಿ ಸುತ್ತುತ್ತ ಹೋಗಬೇಕು, ಒಂದು ಸುತ್ತಿನ ಅಂಚು ಇನ್ನೊಂದರ ಮೇಲೆ ಕೂರಬೇಕು, ಬಾಯಿ ಸಣ್ಣದು, ಬುಡ ಅಗಲ. ಪಟ್ಟಿ ಸಾಲದಾದರೆ ಇನ್ನೊಂದು ಗರಿ ಸೇರಿಸಬೇಕು. ಬಿಚ್ಚದಂತೆ ಅದೇ ಕಡ್ಡಿಯ ತುಂಡನ್ನು ಚುಚ್ಚಬೇಕು. ಕೊನೆಗೆ ಸಣ್ಣ ತುದಿಯನ್ನು ಎರಡು ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ ತುಟಿಯ ನಡುವೆ ಇಟ್ಟು ಊದಿದರೆ, ಪೇಂ! ಚಪ್ಪಟೆಯಾದ ಆ ಎರಡು ಪದರಗಳು ಉಸಿರಿಗೆ ಅದುರಿ ಒಂದಕ್ಕೊಂದು ಬಡಿದು ಸದ್ದು ಹುಟ್ಟುತ್ತದೆ. ಅಗಲವಾಗುತ್ತ ಹೋಗುವ ಕೊಳವೆ ಆ ಸದ್ದನ್ನು ಎತ್ತಿ ಹೊರಗೆ ಎಸೆಯುತ್ತದೆ. ನಾದಸ್ವರದ ಸೀವಾಳಿ ಮಾಡುವ ಕೆಲಸವೂ ಇದೇ, ಮೂಡಲಪಾಯ ಯಕ್ಷಗಾನದ ಮುಖವೀಣೆ ಕೂಗುವುದೂ ಹೀಗೇ. ಸ್ಯಾಕ್ಸೋಫೋನ್? ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಸ್ವಾಮ್ಯ ಪಡೆದ ವಾದ್ಯ ಅದು. ಹಿತ್ತಾಳೆಯ ಮೈ, ಸಣ್ಣದಾಗಿ ಶುರುವಾಗಿ ಅಗಲವಾಗುತ್ತ ಹೋಗುವ ಕೊಳವೆ, ಬಾಯಲ್ಲಿ ಅದುರುವ ಜೊಂಡಿನ ಒಂದು ಎಳೆ. ಎರಡು ಪದರದ ಬದಲು ಒಂದು, ಗರಿಯ ಬದಲು ಹಿತ್ತಾಳೆ, ಬೆರಳಿಗೆ ಕೀಲಿಗಳು. ಉಳಿದಂತೆ ಬುಡದ ಲೆಕ್ಕಾಚಾರ ಒಂದೇ! ತೋಟದ ಬದುವಿನಲ್ಲಿ ಕೂತು ಪೀಪಿ ಸುತ್ತುತ್ತಿರುವ ಹುಡುಗಿ ಆ ಬೆಲ್ಜಿಯಮ್ಮಿನವನ ದಾರಿಯಲ್ಲೇ ಇದ್ದಾಳೆ. ಗರಿಯ ಸುತ್ತು ಹೆಚ್ಚಿಸಿ ಉದ್ದ ಮಾಡಿದರೆ ದನಿ ತಗ್ಗುತ್ತದೆಂದು ಅವಳೇ ಕಂಡುಕೊಂಡು ತೋರಿಸಿದಳು. ಟೆನರ್ ಸ್ಯಾಕ್ಸೋಫೋನು ಆಲ್ಟೊಗಿಂತ ದೊಡ್ಡದಿರುವುದೂ ಅದಕ್ಕೇ ಅಂದೆ. "ಹಂಗಾರೆ ನಂದು ಟೆನರ್ರು" ಅಂದಳು.

ಅವತ್ತೇ ಅವರಿಗೆ ಲೂಯಿ ಆರ್ಮ್‌ಸ್ಟ್ರಾಂಗ್‌ನ ಬಾಲ್ಯ ಹೇಳಿದೆ. 1901ರಲ್ಲಿ ನ್ಯೂ ಆರ್ಲಿಯನ್ಸಿನ ಕಡುಬಡತನದಲ್ಲಿ ಹುಟ್ಟಿದ ಹುಡುಗ. ಕಾರ್ನಾಫ್‌ಸ್ಕಿ ಎಂಬ ಯಹೂದಿ ಕುಟುಂಬದ ಗುಜರಿ ಗಾಡಿಯ ಮೇಲೆ ಕೂತು ಗಿರಾಕಿಗಳನ್ನು ಕರೆಯಲು ತಗಡಿನ ಕೊಂಬು ಊದುತ್ತಿದ್ದ. ಅಂದರೆ ಅವನದೂ ಪೀಪಿಯೇ! ಹೊಸ ವರ್ಷದ ಹಿಂದಿನ ರಾತ್ರಿ ಬೀದಿಯಲ್ಲಿ ಪಿಸ್ತೂಲು ಹಾರಿಸಿ ಸಿಕ್ಕಿಬಿದ್ದ, ಹುಡುಗರ ಸುಧಾರಣಾ ಗೃಹಕ್ಕೆ ಕಳಿಸಿದರು. ಅಲ್ಲಿ ಪೀಟರ್ ಡೇವಿಸ್ ಎಂಬ ಮೇಷ್ಟ್ರು ಕಾರ್ನೆಟ್ ಕಲಿಸಿದರು. ಮಕ್ಕಳು ಕಣ್ಣು ಪಿಳುಕಿಸದೆ ಕೇಳಿದರು. ಆಮೇಲೆ ಅವನ 1926ರ 'ಹೀಬಿ ಜೀಬೀಸ್' ಹಾಕಿದೆ. ನಡುವೆ ಪದಗಳು ಮಾಯವಾಗಿ ಬರೀ ಉಲಿ ಉಳಿಯುತ್ತದೆ, ಅರ್ಥವಿಲ್ಲದ ಅಕ್ಷರಗಳು ಒಂದರ ಬೆನ್ನಿಗೊಂದು ಉರುಳುತ್ತವೆ. ದೊಡ್ಡವರಿಗೆ ಅದಕ್ಕೆ ಸ್ಕ್ಯಾಟ್ ಎಂಬ ಹೆಸರು ಬೇಕು. ಮಕ್ಕಳಿಗೆ ಏನೂ ಬೇಡ, ಅವಲಕ್ಕಿ ಪವಲಕ್ಕಿ ಆಡಿ ಬೆಳೆದವರಿಗೆ ಅರ್ಥವಿಲ್ಲದ ಅಕ್ಷರದ ರುಚಿ ಯಾರು ಹೇಳಿಕೊಡಬೇಕು? ಎಲಾ ಫಿಟ್ಸ್‌ಜೆರಾಲ್ಡ್‌ಳನ್ನು ಮನೆಮಾತಾಗಿಸಿದ 1938ರ 'ಎ ಟಿಸ್ಕೆಟ್ ಎ ಟಾಸ್ಕೆಟ್' ಇದೆಯಲ್ಲ, ಡ್ರಮ್ಮರ್ ಚಿಕ್ ವೆಬ್‌ನ ವಾದ್ಯವೃಂದದ ಜೊತೆ ಹಾಡಿದ್ದು, ಅದರ ಬೇರೂ ಮಕ್ಕಳ ಆಟದ ಪದವೇ. ಬುಟ್ಟಿ ಕಳಕೊಂಡ ಹುಡುಗಿಯ ಹಾಡು. ಎಲಾ ಒಂದು ಹೇಳುತ್ತಾಳೆ, ವಾದ್ಯದವರು ಕೂಗಿ ಉತ್ತರಿಸುತ್ತಾರೆ. ಕೋಲಾಟದಲ್ಲಿ, ಸೋಬಾನೆಯಲ್ಲಿ ಮುಂದಾಳು ಎತ್ತಿಕೊಟ್ಟದ್ದನ್ನು ಹಿಂದಿನವರು ಹಿಡಿಯುವುದು ಮಕ್ಕಳಿಗೆ ಗೊತ್ತು. ತಿಪಟೂರು ತಾಲ್ಲೂಕಿನ ಕೊನೇಹಳ್ಳಿ ಮೂಡಲಪಾಯ ಯಕ್ಷಗಾನಕ್ಕೆ ಹೆಸರಾದ ಊರು. ಅಲ್ಲೂ ಭಾಗವತರ ಪದವನ್ನು ಹಿಮ್ಮೇಳ ಎತ್ತಿಕೊಳ್ಳುತ್ತದೆ. ಒಬ್ಬ ಕೇಳುವುದು, ಬಳಗ ಓಗೊಡುವುದು! ಆಫ್ರಿಕದಿಂದ ಗುಲಾಮರನ್ನಾಗಿ ಹಡಗಿನಲ್ಲಿ ಹೊತ್ತೊಯ್ದ ಜನ ತಮ್ಮ ಜೊತೆ ಒಯ್ದದ್ದೂ ಇದನ್ನೇ.

ಆ ಕಥೆಯನ್ನು ಮಕ್ಕಳಿಂದ ಮುಚ್ಚಿಡಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ನ್ಯೂ ಆರ್ಲಿಯನ್ಸಿನ ಕಾಂಗೊ ಚೌಕದಲ್ಲಿ ಗುಲಾಮರು ಭಾನುವಾರ ಸೇರಿ ಬಾರಿಸುತ್ತಿದ್ದರು, ಕುಣಿಯುತ್ತಿದ್ದರು. ಎಲಿಂಗ್ಟನ್ನನ ತಂಡ ಅಮೆರಿಕದ ದಕ್ಷಿಣದ ರಾಜ್ಯಗಳಿಗೆ ಹೋದಾಗ ಕರಿಯರೆಂಬ ಕಾರಣಕ್ಕೆ ಹೋಟೆಲುಗಳು ಬಾಗಿಲು ಹಾಕುತ್ತಿದ್ದವು. ಅದಕ್ಕೇ ಅವರು ತಮ್ಮದೇ ರೈಲುಬೋಗಿ ಬಾಡಿಗೆಗೆ ಪಡೆದು ಅದರಲ್ಲೇ ಉಂಡು ಮಲಗುತ್ತಿದ್ದರು. ಇದನ್ನು ಹೇಳಿದಾಗ ಮಕ್ಕಳು ಸುಮ್ಮನಾದರು. ದೊಡ್ಡವನು ಕೇಳಿದ: "ಅವರ ಹಾಡು ಬೇಕು, ಅವರು ಬ್ಯಾಡ್ವಾ?" ನಮ್ಮ ಊರುಗಳಲ್ಲೂ ಹಬ್ಬಕ್ಕೆ, ಜಾತ್ರೆಗೆ, ಸಾವಿಗೆ ತಮಟೆ ಬೇಕಿತ್ತು, ಅರೆ ಬೇಕಿತ್ತು, ಬಾರಿಸುವವರು ಗುಡಿಯ ಹೊರಗೇ ನಿಲ್ಲಬೇಕಿತ್ತು. ಅದನ್ನೂ ಹೇಳಿದೆ. ಹಿರಿಯರು ತೀರಿಕೊಂಡಾಗ ತಮಟೆಗೆ ಹೆಜ್ಜೆ ಹಾಕುತ್ತ ಹೋಗುವ ಮೆರವಣಿಗೆಯನ್ನು ಈ ಮಕ್ಕಳು ನೋಡಿದ್ದಾರೆ. ನ್ಯೂ ಆರ್ಲಿಯನ್ಸಿನಲ್ಲೂ ಹೆಣದ ಹಿಂದೆ ಬ್ಯಾಂಡು ಹೋಗುತ್ತದೆ, ಮಸಣಕ್ಕೆ ಹೋಗುವಾಗ ನಿಧಾನದ ಶೋಕ, ಬರುವಾಗ ಕುಣಿಯುವ ಉಲ್ಲಾಸ ಎಂದಾಗ ಅವರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಇನ್ನು ಐದರ ಎಣಿಕೆಯ ಮಾತು. ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ!

ಡೇವ್ ಬ್ರೂಬೆಕ್‌ನ ತಂಡ 1958ರಲ್ಲಿ ಭಾರತಕ್ಕೆ ಬಂದಿತ್ತು, ಇಲ್ಲಿನ ಲಯವಾದ್ಯ ಕೇಳಿ ಹೋಗಿತ್ತು. ಮರುವರ್ಷ 'ಟೈಮ್ ಔಟ್' ಎಂಬ ಆಲ್ಬಂ ಬಂತು. ಅದರಲ್ಲಿ ಸ್ಯಾಕ್ಸೋಫೋನಿನ ಪಾಲ್ ಡೆಸ್ಮಂಡ್ ಕಟ್ಟಿದ 'ಟೇಕ್ ಫೈವ್' ಇದೆ. ನಾಲ್ಕರ ಎಣಿಕೆಗೆ ಒಗ್ಗಿದ್ದ ಅಮೆರಿಕದ ಕಿವಿಗೆ ಐದರ ಎಣಿಕೆ ಹೊಸ ಸಾಹಸವಾಗಿತ್ತು. ಇಲ್ಲಿ? ನಮ್ಮ ಖಂಡ ಛಾಪು ಐದೇ ಅಲ್ಲವೆ? ಅದು ತಕ ತಕಿಟ ಎಂದು ನಡೆದರೆ 'ಟೇಕ್ ಫೈವ್' ತಿರುವುಮುರುವಾಗಿ ತಕಿಟ ತಕ ಎಂದು ನಡೆಯುತ್ತದೆ. ಪಿಯಾನೊ ಮೊದಲಿನಿಂದ ಕೊನೆತನಕ ಬಿಡದೆ ಅದನ್ನೇ ಹೇಳುತ್ತಿರುವುದರಿಂದ ಮಗು ತಪ್ಪಿದರೂ ಮತ್ತೆ ಹತ್ತಿಕೊಳ್ಳಬಹುದು. ತಕಿಟ ತಕ, ತಕಿಟ ತಕ ಎಂದು ತೊಡೆ ತಟ್ಟುತ್ತ ಪಡಸಾಲೆಯೆಲ್ಲ ಐದರಲ್ಲಿ ತೂಗುತ್ತಿತ್ತು. ಒಳಗಿನಿಂದ ಬಂದ ನಮ್ಮ ದೊಡ್ಡಮ್ಮ, ಜೈಮಿನಿ ಭಾರತವನ್ನು ರಾಗವಾಗಿ ಓದುವವರು, ಒಂದು ಗಳಿಗೆ ನಿಂತು ಕೇಳಿ, "ಇದು ವಾರ್ಧಕದ ನಡಿಗೆ ಕಣೋ" ಅಂದರು.

ಹೌದಲ್ಲ! ವಾರ್ಧಕ ಷಟ್ಪದಿಯ ಗಣಗಳು ಐದು ಮಾತ್ರೆಯವು. ಮೊದಲ ಸಾಲಿಗೆ ಅಂಥ ನಾಲ್ಕು, ಎರಡನೆಯದಕ್ಕೂ ನಾಲ್ಕು, ಮೂರನೆಯದು ಆರು ಗಣಕ್ಕೆ ಬೆಳೆದು ಒಂದು ಗುರುವಿನ ಮೇಲೆ ನಿಲ್ಲುತ್ತದೆ, ಮತ್ತೆ ಅದೇ ಕ್ರಮ. ಜೈಮಿನಿ ಭಾರತದ ಲಕ್ಷ್ಮೀಶ ಕಡೂರು ತಾಲ್ಲೂಕಿನ ದೇವನೂರಿನವನು, ಅರಸೀಕೆರೆ ದಾಟಿದರೆ ಅವನ ಸೀಮೆ. ಅಂದರೆ ಈ ರೈಲುಹಳಿಯ ಆಸುಪಾಸಿನಲ್ಲೇ ಒಬ್ಬ ಕವಿ ಶತಮಾನಗಳ ಹಿಂದೆ ಐದರ ನಡಿಗೆಯಲ್ಲಿ ಇಡೀ ಕಾವ್ಯ ನಡೆಸಿದ್ದಾನೆ. ವಿದ್ವಾಂಸ ತೀನಂಶ್ರೀ ಹುಟ್ಟಿದ ಚಿಕ್ಕನಾಯಕನಹಳ್ಳಿ ತಾಲ್ಲೂಕು ಪಕ್ಕದಲ್ಲೇ ಇರುವಾಗ ಮಕ್ಕಳ ಜೊತೆ ಛಂದಸ್ಸು ಮಾತಾಡಲು ಹಿಂಜರಿಕೆ ಏಕೆ? ಅಲ್ಲಿಂದ ನಾವು ನಿಲ್ಲಲಿಲ್ಲ. ಬ್ರೂಬೆಕ್‌ನ 'ಅನ್‌ಸ್ಕ್ವೇರ್ ಡ್ಯಾನ್ಸ್' ಏಳರ ಎಣಿಕೆಯದು, 1961ರದ್ದು, ಚಪ್ಪಾಳೆ ತುಂಬಿದ್ದು. ಕುಮಾರವ್ಯಾಸನ ಭಾಮಿನಿಯೂ ಮೂರು ನಾಲ್ಕು, ಮೂರು ನಾಲ್ಕು ಎಂದು ಏಳರಲ್ಲೇ ನಡೆಯುವುದಲ್ಲವೆ! 'ಬ್ಲೂ ರೊಂಡೊ ಅಲಾ ಟರ್ಕ್' ಒಂಬತ್ತರದು, ಬ್ರೂಬೆಕ್ ಅದನ್ನು ಟರ್ಕಿಯ ಬೀದಿ ವಾದ್ಯಗಾರರಿಂದ ಹೆಕ್ಕಿಕೊಂಡ. ತಕ ತಕ ತಕ ತಕಿಟ ಎಂದು ಮೂರು ಸಲ, ನಾಲ್ಕನೆಯ ಸಲ ಇದ್ದಕ್ಕಿದ್ದಂತೆ ತಕಿಟ ತಕಿಟ ತಕಿಟ! ಆ ತಿರುವಿನಲ್ಲಿ ಮಕ್ಕಳು ಪ್ರತಿಸಲವೂ ಕೇಕೆ ಹಾಕುತ್ತಾರೆ. ತೋಟದಲ್ಲಿ ಮರದಿಂದ ಮರಕ್ಕೆ ಇದನ್ನೇ ಹೇಳುತ್ತ ಓಡುವುದು ಈಗ ಅವರದೇ ಒಂದು ಆಟ, ತಪ್ಪಿದವರು ಔಟು.

ಸ್ಯಾಕ್ಸೋಫೋನನ್ನು ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ತುರುವೇಕೆರೆ ಕಡೆಯ ಮದುವೆಯೊಂದರಲ್ಲಿ ವಾಲಗದವರು ಊದುತ್ತಿದ್ದದ್ದು ಅದನ್ನೇ. ಹಳೇ ಮೈಸೂರು ಸೀಮೆಯ ಎಷ್ಟೋ ಛತ್ರಗಳಲ್ಲಿ ಇವತ್ತು ನಾದಸ್ವರದ ಜಾಗದಲ್ಲಿ ಕೂತಿರುವುದು ಸ್ಯಾಕ್ಸೋಫೋನು, ಪಕ್ಕದಲ್ಲಿ ಡೋಲು. ನಮ್ಮ ಹುಡುಗಿ ಊಟದ ಪಂಕ್ತಿ ಬಿಟ್ಟು ವಾಲಗದವರ ಮುಂದೆ ಹೋಗಿ ನಿಂತಳು. ಊದುತ್ತಿದ್ದ ಹಿರಿಯರು ಬಿಡುವಿನಲ್ಲಿ ವಾದ್ಯವನ್ನು ತೊಡೆಯ ಮೇಲಿಟ್ಟು, "ಬಾ ಮಗ, ಇದನ್ನ ಒತ್ತು" ಎಂದು ಕೀಲಿ ತೋರಿಸಿದರು. ಅವಳು ಒತ್ತಿದಳು, ಅವರು ಊದಿದರು, ದನಿ ಜಾರಿತು! ಜೊಂಡಿನ ಎಳೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ತೋರಿಸಿದರು. ತುದಿ ಎಷ್ಟು ತೆಳುವೆಂದರೆ ಬೆಳಕು ಹಾಯುತ್ತಿತ್ತು.

ಈ ಹಿತ್ತಾಳೆಯ ವಾದ್ಯದಲ್ಲಿ ಗಮಕ ನುಡಿಸಬಹುದೆಂದು ಜಗತ್ತಿಗೆ ತೋರಿಸಿದವರು ನಮ್ಮ ಕದ್ರಿ ಗೋಪಾಲನಾಥರು. ದಕ್ಷಿಣ ಕನ್ನಡದವರು, ತಂದೆ ತನಿಯಪ್ಪ ನಾದಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು ಅದನ್ನೇ ಹಿಡಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಜಾಝ್ ಕಲಾವಿದ ಜಾನ್ ಹ್ಯಾಂಡಿ, ನಾನೂ ಜೊತೆಗೂಡಲೇ ಎಂದು ಕೇಳಿ ವೇದಿಕೆಯಲ್ಲಿ ಸೇರಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ಕದ್ರಿಯವರು ನುಡಿಸಿದರು. ಅತ್ತ ಅಮೆರಿಕದ ಕೊಲರಾಡೊದಲ್ಲಿ, ಕರ್ನಾಟಕದಿಂದ ಹೋದ ಭೌತವಿಜ್ಞಾನಿ ಕೆ. ಟಿ. ಮಹಾಂತಪ್ಪನವರ ಮಗ ರುದ್ರೇಶ್ ಮಹಾಂತಪ್ಪ ಜಾಝ್ ಸ್ಯಾಕ್ಸೋಫೋನ್ ಕಲಿಯುತ್ತ ಬೆಳೆದಿದ್ದ. ಚಾರ್ಲಿ ಪಾರ್ಕರ್ ಅವನ ಆರಾಧ್ಯ. ಅಣ್ಣ ಒಮ್ಮೆ ತಮಾಷೆಗೆಂದು ಕದ್ರಿಯವರ ಧ್ವನಿಮುದ್ರಣವೊಂದನ್ನು ತಂದುಕೊಟ್ಟ. ತಮಾಷೆ ಅಲ್ಲಿಗೆ ಮುಗಿಯಲಿಲ್ಲ! 2008ರಲ್ಲಿ ಕದ್ರಿ ಮತ್ತು ರುದ್ರೇಶ್ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಎಂಬ ಆಲ್ಬಂ ಮಾಡಿದರು. ಎರಡು ಆಲ್ಟೊ ಸ್ಯಾಕ್ಸೋಫೋನುಗಳು, ಒಂದು ಬಂಟ್ವಾಳದ ಕಡೆಯದು, ಇನ್ನೊಂದು ಅಮೆರಿಕದ್ದು, ಮಾತಿಗೆ ಕೂತು ಮಾತು ಮುಗಿಸಲು ಮನಸ್ಸಿಲ್ಲದ ನಂಟರ ಹಾಗೆ ಒಂದರ ಮಾತನ್ನು ಇನ್ನೊಂದು ಎತ್ತಿಕೊಳ್ಳುತ್ತವೆ.

ಬೆಂಗಳೂರಿನ ಕಥೆ ಇದಕ್ಕಿಂತ ಹಳೆಯದು. ಟಿ. ಎ. ಎಸ್. ಮಣಿ ಅವರು 1964ರಲ್ಲಿ ಅಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ಗೆ ಹುಡುಕಿಕೊಂಡು ಬಂದವರು ಚಾರ್ಲಿ ಮಾರಿಯಾನೊ. ಬೋಸ್ಟನ್ನಿನವರು, 1963ರಲ್ಲಿ ಚಾರ್ಲ್ಸ್ ಮಿಂಗಸ್‌ನ ಹೆಸರಾಂತ ಆಲ್ಬಮ್ಮಿನಲ್ಲಿ ಸ್ಯಾಕ್ಸೋಫೋನ್ ನುಡಿಸಿದ್ದವರು, ಆಮೇಲೆ ನಾದಸ್ವರವನ್ನೂ ಕಲಿತವರು. ಆರ್. ಎ. ರಮಾಮಣಿ ಅವರ ಗಾಯನ, ಮಣಿ ಅವರ ಮೃದಂಗ, ಮಾರಿಯಾನೊ ಅವರ ಸ್ಯಾಕ್ಸೋಫೋನ್ ಒಂದಾದ 'ಜ್ಯೋತಿ' 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆಯಿಂದ ಹೊರಬಂತು. ಅದರಲ್ಲಿ ರಮಾಮಣಿಯವರು ಕೊನ್ನಕೋಲಿನ ಸೊಲ್ಲುಗಳನ್ನು ಉದುರಿಸುವುದನ್ನು ಕೇಳಿದ ಚಿಕ್ಕವಳು ತಟ್ಟನೆ "ಲೂಯಿ ಮಾಮನ ಥರ!" ಅಂದಳು. ಆರ್ಮ್‌ಸ್ಟ್ರಾಂಗ್‌ಗೆ ಅವರು ಯಾವಾಗಲೋ ಮಾಮನ ಪಟ್ಟ ಕೊಟ್ಟುಬಿಟ್ಟಿದ್ದಾರೆ. ತಾಳದ ಸೊಲ್ಲನ್ನೂ ಸ್ಕ್ಯಾಟನ್ನೂ ಒಂದೇ ಸಾಲಿನಲ್ಲಿ ಕೂರಿಸಲು ವಿಮರ್ಶಕರು ಲೇಖನ ಬರೆಯುತ್ತಾರೆ. ಇವಳಿಗೆ ಒಂದು ಸಲ ಕೇಳಿದ್ದೇ ಸಾಕಾಯಿತು.

ಮಕ್ಕಳಿಗೆ ಇದನ್ನೆಲ್ಲ ಕೇಳಿಸುವವರಿಗೆ ನಾನು ಕಂಡುಕೊಂಡದ್ದನ್ನು ಹೇಳಿಬಿಡುತ್ತೇನೆ. ಮೊದಲೇ ಪಾಠ ಮಾಡಬೇಡಿ, ಹಾಡು ಹಾಕಿ, ಪ್ರಶ್ನೆ ಬಂದಾಗ ಕಥೆ ಹೇಳಿ. ಸದ್ದು ಜಾಸ್ತಿ ಬೇಡ, ಎಳೆಯ ಕಿವಿ. ಒಂದೇ ಹಾಡನ್ನು ಇನ್ನೊಂದ್ ಸಲ, ಇನ್ನೊಂದ್ ಸಲ ಎಂದು ಪೀಡಿಸಿದರೆ ಬೇಸರಪಡಬೇಡಿ, ಸಾಧಕರು ಹಾಡು ಕಲಿತದ್ದೂ ಹಾಗೇ, ತಟ್ಟೆಯ ಅದೇ ಜಾಗಕ್ಕೆ ಮುಳ್ಳನ್ನು ಮತ್ತೆ ಮತ್ತೆ ಇಟ್ಟು. ಕೂತು ಕೇಳಿ ಎಂದು ಮಾತ್ರ ಹೇಳಬೇಡಿ. ಜಾಝ್ ಹುಟ್ಟಿ ಬೆಳೆದದ್ದೇ ಜನರನ್ನು ಕುಣಿಸುತ್ತ.

ಈಗ ನಮ್ಮ ಪಡಸಾಲೆಯಲ್ಲಿ ಥೆಲೋನಿಯಸ್ ಮಂಕ್‌ನ ಸರದಿ. ಬೇರೆಯವರು ನುಡಿಸುವಾಗ ಈ ಮಹಾಶಯ ಪಿಯಾನೊ ಬಿಟ್ಟೆದ್ದು ವೇದಿಕೆಯಲ್ಲೇ ಗಿರಗಿರ ಸುತ್ತುತ್ತಿದ್ದ, ಆಮೇಲೆ ಓಡಿಬಂದು ತನ್ನ ಸ್ವರ ಸೇರಿಸುತ್ತಿದ್ದ. ಅವನು ಸುತ್ತುತ್ತಿರುವ ಹಳೆಯ ಚಿತ್ರವನ್ನು ಮಕ್ಕಳಿಗೆ ತೋರಿಸಿದೆ. ಪಿಯಾನೊ ಇಲ್ಲದ ಮನೆಯಲ್ಲಿ ಹಾರ್ಮೋನಿಯಂ ಇತ್ತು. ಅಕ್ಕನ ಮಗ ತಿದಿ ಒತ್ತುತ್ತ ಎರಡು ಮನೆ ಒಟ್ಟಿಗೆ ಅದುಮಿ, ಎದ್ದು ಒಂದು ಸುತ್ತು ಸುತ್ತಿ ಬಂದು, ಮೂರನೆಯದನ್ನು ಅದುಮಿದ. ತಂಗಿ ಪೀಪಿ ಎತ್ತಿಕೊಂಡಳು.